ಬೋಲ್ಟು ಎಷ್ಟು ಹಿಗ್ಗಬೇಕು?

2011ರ ಜನವರಿಯಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಮಾರಾಟವಾಗಿದ್ದ ಸುಮಾರು 2,45,000 ಲೆಕ್ಸಸ್ ಕಾರುಗಳನ್ನು ತಪಾಸಣೆಗೆ ವಾಪಸ್ ಕರೆಯಿತು. ಈ ಕಾರುಗಳ ಎಂಜಿನ್ನಿನಲ್ಲಿ ಪೆಟ್ರೋಲ್ ಸಾಗುವ ಕೊಳವೆಗೆ ಒತ್ತಡ ಅಳೆಯುವ ಸೆನ್ಸರ್ ಒಂದನ್ನು ತಿರುಪಿ ಕೂರಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಅದು ಸಾಕಷ್ಟು ಬಿಗಿಯಾಗಿಲ್ಲದೆ ಇರಬಹುದು, ದಿನ ಕಳೆದಂತೆ ಸಡಿಲಗೊಂಡು ಪೆಟ್ರೋಲ್ ಜಿನುಗಬಹುದು ಎಂಬುದೇ ಕಾರಣ. ಸೋರಿಕೆ ಕಾಣದ ಕಾರಿಗೆ ಮಾಡಬೇಕಿದ್ದ ದುರಸ್ತಿ ಇಷ್ಟೆ: ಸೆನ್ಸರನ್ನು ಸರಿಯಾದ ಟಾರ್ಕಿಗೆ, ಅಂದರೆ ನಿಗದಿಯಾದ ತಿರುಗಿಸುವ ಬಲಕ್ಕೆ, ಮತ್ತೆ ಬಿಗಿಯುವುದು.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಬೆರೆತರೂ ಸಾಕು, ಬೆಂಕಿಗೆ ತಯಾರು. ಬಾನೆಟ್ಟಿನ ಅಡಿಯಲ್ಲಿ ಬಿಸಿ ಸೈಲೆನ್ಸರ್ ಪೈಪು, ಕಿಡಿ ಹಾರಿಸುವ ವೈರು ಎಲ್ಲವೂ ಇವೆ. ಹಾಗಿರುವಾಗ ಕಾರ್ಖಾನೆಯಲ್ಲಿ ಯಾವುದೋ ತಿರುಪು ಒಂದಿಷ್ಟು ಕಡಿಮೆ ತಿರುಗಿತು ಎಂಬ ಕಾರಣಕ್ಕೆ ಲಕ್ಷಗಟ್ಟಲೆ ಕಾರು ಕರೆಸಿಕೊಂಡದ್ದು ಅತಿಯಲ್ಲ.

ಬಿಗಿ ಎಂದರೆ ನಮ್ಮ ಮನಸ್ಸಿಗೆ ಬರುವುದು ಪಾನಾ ಹಾಕಿದರೂ ಜಗ್ಗದ ನಟ್ಟು. ಎಂಜಿನಿಯರು ಅದನ್ನು ನೋಡುವ ಬಗೆ ಬೇರೆ. ಬೋಲ್ಟನ್ನು ತಿರುಗಿಸಿದಾಗ ಅದರ ತಲೆ ಮೇಲಿನ ಭಾಗವನ್ನು ಒತ್ತುತ್ತದೆ, ಥ್ರೆಡ್ಡುಗಳು ಬುಡವನ್ನು ಒಳಕ್ಕೆ ಎಳೆಯುತ್ತವೆ. ನಡುವೆ ಸಿಕ್ಕ ಉಕ್ಕಿನ ಕಡ್ಡಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತದೆ. ಎರಡು ಭಾಗಗಳನ್ನು ಒಂದಕ್ಕೊಂದು ಅದುಮಿ ಹಿಡಿಯುವುದು ಈ ಹವಣಿಕೆಯೇ. ಅಂದರೆ ಬೋಲ್ಟು ಬಹಳ ಗಡುಸಾದ ಒಂದು ಸ್ಪ್ರಿಂಗು. ಎಷ್ಟು ಎಳೆದರೆ ಅಷ್ಟು ಬಲ ಎಂಬ ಸ್ಪ್ರಿಂಗಿನ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಗ್ಯಾರೇಜಿನಲ್ಲಿ ದಿನವೂ ನಡೆಯುವ ಕೆಲಸ ಆ ನಿಯಮದ್ದೇ.

ಒಂದು ಎಂ6 ಬೋಲ್ಟನ್ನು ತೆಗೆದುಕೊಳ್ಳೋಣ. 6 ಮಿ.ಮೀ. ದಪ್ಪ, ತಲೆಗೆ ಹತ್ತನೇ ನಂಬರ್ ಪಾನಾ. ಪೆಟ್ರೋಲ್ ಇಂಜೆಕ್ಟರುಗಳ ರೈಲನ್ನು ಎಂಜಿನ್ನಿಗೆ ಹಿಡಿದಿಡುವ ಬೋಲ್ಟುಗಳು ಸಾಮಾನ್ಯವಾಗಿ ಈ ಆಸುಪಾಸಿನವು. ತಲೆಯ ಮೇಲೆ 8.8 ಎಂಬ ಗುರುತಿರುವ ಸಾಧಾರಣ ಉಕ್ಕಿನ ಇಂಥ ಬೋಲ್ಟಿಗೆ 10 ನ್ಯೂಟನ್ ಮೀಟರ್ ಟಾರ್ಕ್ ರೂಢಿ. 15 ಸೆಂ.ಮೀ. ಉದ್ದದ ಪಾನಾದ ತುದಿಯನ್ನು 7 ಕಿಲೋಗಿಂತ ತುಸು ಕಡಿಮೆ ಬಲದಿಂದ ಎಳೆದರೆ ಇಷ್ಟಾಗುತ್ತದೆ, ಮಕ್ಕಳೂ ಎಳೆದಾರು. ಅದರಿಂದ ಬೋಲ್ಟಿನಲ್ಲಿ ಹುಟ್ಟುವ ಎಳೆತ ಮಾತ್ರ ಸುಮಾರು 8,300 ನ್ಯೂಟನ್, ಅಂದರೆ 850 ಕಿಲೋ ತೂಕದಷ್ಟು. ಕಿರುಬೆರಳಿಗಿಂತ ತೆಳ್ಳಗಿನ ಒಂದು ಬೋಲ್ಟು ಒಂದು ಸಣ್ಣ ಕಾರಿನ ತೂಕವನ್ನು ಹೊತ್ತು ನಿಂತಂತೆ. ಇಷ್ಟಾಗಿಯೂ ಹಿಡಿತದ ಉದ್ದ 30 ಮಿ.ಮೀ. ಇದ್ದರೆ ಅದು ಹಿಗ್ಗಿರುವುದು 0.06 ಮಿ.ಮೀ. ಮಾತ್ರ. ಈ ಹಿಗ್ಗು ಕಡಿಮೆಯಾದರೆ ಹಿಡಿತವಿಲ್ಲ, ಹೆಚ್ಚಾದರೆ ಉಕ್ಕು ಮರಳಿ ಕುಗ್ಗುವ ಗುಣ ಕಳೆದುಕೊಳ್ಳುತ್ತದೆ. ಕೈಪಿಡಿಯಲ್ಲಿ ಅಚ್ಚಾದ ಟಾರ್ಕಿನ ಅಂಕಿ ಈ ಎರಡರ ನಡುವಿನ ಕಿರಿದಾದ ಜಾಗವನ್ನು ತೋರಿಸುತ್ತದೆ.

ಅದೇ ಪಾನಾವನ್ನು ಕೈಗೆ ತೃಪ್ತಿಯಾಗುವಷ್ಟು, 20 ಕಿಲೋ ಬಲದಿಂದ ಎಳೆದರೆ ಟಾರ್ಕು 30 ನ್ಯೂಟನ್ ಮೀಟರಿನ ಹತ್ತಿರ ಹೋಗುತ್ತದೆ. ಎಂ6 ಬೋಲ್ಟು ತುಂಡಾಗಲು ಅಷ್ಟು ಬೇಕಾಗಿಲ್ಲ. ಬೋಲ್ಟು ಗಟ್ಟಿಯಿದ್ದು ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಮ್ಮಿನದಾಗಿದ್ದರೆ, ಮೊದಲು ಕಿತ್ತುಬರುವುದು ಹೆಡ್ಡಿನೊಳಗಿನ ಥ್ರೆಡ್ಡು. ಆಮೇಲೆ ಹೊಸ ಥ್ರೆಡ್ಡಿಗಾಗಿ ಹೆಲಿಕಾಯಿಲ್ ಎಂಬ ತಂತಿಸುರುಳಿ ಹಾಕಿಸುವ ಖರ್ಚು. ಎಷ್ಟೋ ಎಂಜಿನ್ನುಗಳ ಹೆಡ್ಡು ಹೀಗೆ ಒಳ್ಳೆಯ ಮನಸ್ಸಿನ ಅತಿಬಿಗಿಯಿಂದಲೇ ಹಾಳಾಗಿದೆ ಎಂಬುದು ನೋವಿನ ಸಂಗತಿ.

ಈಗ ಮುಖ್ಯ ವಿಚಾರಕ್ಕೆ ಬರುತ್ತೇನೆ. ನಾವು ಹಾಕುವ ಟಾರ್ಕೆಲ್ಲ ಬೋಲ್ಟನ್ನು ಹಿಗ್ಗಿಸಲು ಹೋಗುತ್ತದೆ ಎಂದುಕೊಂಡರೆ ತಪ್ಪು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೋಲ್ಟಿನ ತಲೆಯ ಅಡಿಯ ಘರ್ಷಣೆಯಲ್ಲೇ ಮುಗಿಯುತ್ತದೆ. ಇನ್ನು ಶೇಕಡಾ 40ರಷ್ಟನ್ನು ಥ್ರೆಡ್ಡುಗಳ ನಡುವಿನ ಘರ್ಷಣೆ ನುಂಗುತ್ತದೆ. ಉಪಯೋಗಕ್ಕೆ ಬರುವುದು ಶೇಕಡಾ 10ರ ಆಸುಪಾಸು. ಈ ಲೆಕ್ಕದ ಪರಿಣಾಮ ಏನು ಗೊತ್ತೆ? ಘರ್ಷಣೆ ಒಂದಿಷ್ಟು ಏರುಪೇರಾದರೂ ಉಳಿಯುವ ಆ ಸಣ್ಣ ಪಾಲು ದೊಡ್ಡದಾಗಿ ಏರುಪೇರಾಗುತ್ತದೆ. ತುಕ್ಕು ಹಿಡಿದ ಥ್ರೆಡ್ಡು, ಅದರಲ್ಲಿ ಕೂತ ಮರಳಿನ ಕಣ, ಮೇಲ್ಮೈಗೆ ಕೊಟ್ಟ ಸತುವಿನ ಲೇಪ, ಒಂದು ಹನಿ ಎಣ್ಣೆ, ಎಲ್ಲಕ್ಕೂ ಇಲ್ಲಿ ಲೆಕ್ಕವಿದೆ. ಲೆಕ್ಸಸ್ ಪ್ರಕರಣದಲ್ಲೂ ಕಂಪನಿ ಎಲ್ಲ ಕೊಳವೆಗಳನ್ನು ದೂರಲಿಲ್ಲ. ನಿಕ್ಕಲ್-ರಂಜಕದ ಲೇಪವಿದ್ದ ಕೊಳವೆಗಳನ್ನು ಮಾತ್ರ ಹೆಸರಿಸಿತ್ತು.

ಎಣ್ಣೆಯ ಉದಾಹರಣೆ ನೋಡಿ. ಮೇಲಿನ 8,300 ನ್ಯೂಟನ್ ಲೆಕ್ಕ ಒಣ ಬೋಲ್ಟಿನದು. ಅದೇ ಬೋಲ್ಟಿನ ಥ್ರೆಡ್ಡಿಗೂ ತಲೆಯ ಅಡಿಗೂ ಎಣ್ಣೆ ಸವರಿ ಅದೇ 10 ನ್ಯೂಟನ್ ಮೀಟರಿಗೆ ಬಿಗಿದರೆ ಎಳೆತ 11,000 ನ್ಯೂಟನ್ ದಾಟುತ್ತದೆ. ಆ ದರ್ಜೆಯ ಎಂ6 ಬೋಲ್ಟು ಸುರಕ್ಷಿತವಾಗಿ ತಾಳಬಲ್ಲದ್ದು ಸುಮಾರು 11,600. ಪಾನಾ ತೋರಿಸಿದ ಅಂಕಿ ಬದಲಾಗಿಲ್ಲ, ಬೋಲ್ಟು ಮಾತ್ರ ಅಂಚಿಗೆ ಬಂದು ನಿಂತಿದೆ. ಕೈಪಿಡಿಯಲ್ಲಿ ಒಣಗಿರಬೇಕು ಎಂದಿದ್ದರೆ ಒಣಗಿಸಿಯೇ, ಎಣ್ಣೆ ಹಚ್ಚಬೇಕು ಎಂದಿದ್ದರೆ ಹಚ್ಚಿಯೇ ಬಿಗಿಯಬೇಕು ಎನ್ನುವುದು ಇದಕ್ಕೇ. ಅಂಕಿಯನ್ನು ಮಾತ್ರ ಓದಿ ಪಕ್ಕದ ಸಾಲನ್ನು ಬಿಟ್ಟರೆ ಅರ್ಧ ಓದಿದಂತೆ.

ಇದರಿಂದ ಟಾರ್ಕ್ ರೆಂಚಿನ ಮಿತಿಯೂ ತಿಳಿಯುತ್ತದೆ. ಅದು ಅಳೆಯುವುದು ತಿರುಗಿಸುವ ಬಲವನ್ನು, ಬೋಲ್ಟಿನ ಹಿಗ್ಗನ್ನಲ್ಲ. ಒಳ್ಳೆಯ ರೆಂಚು ಹಿಡಿದರೂ ಹಿಡಿತದ ಬಲ ಶೇಕಡಾ 25-30ರಷ್ಟು ಆಚೀಚೆ ಆಗುವುದು ಸಾಮಾನ್ಯ. ಬರೀ ಕೈ ಅಂದಾಜಾದರೆ ಇನ್ನೂ ಹೆಚ್ಚು. ಆದ್ದರಿಂದ ನಿಖರತೆ ಬೇಕಾದ ಕಡೆ ತಯಾರಕರು ಬೇರೆ ದಾರಿ ಹಿಡಿದಿದ್ದಾರೆ. ಮೊದಲು ಕಡಿಮೆ ಟಾರ್ಕಿನಲ್ಲಿ ಬೋಲ್ಟನ್ನು ಕೂರಿಸಿ, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಎನ್ನುತ್ತಾರೆ. ಎಂ8 ಬೋಲ್ಟಿನ ಥ್ರೆಡ್ಡು ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಹೋಗುತ್ತದೆ, 90 ಡಿಗ್ರಿ ತಿರುಗಿಸಿದರೆ 0.31 ಮಿ.ಮೀ. ಎಣ್ಣೆ ಇರಲಿ ತುಕ್ಕು ಇರಲಿ, ಈ ದೂರ ಬದಲಾಗದು. ಆದರೆ ಹೀಗೆ ಬಿಗಿದ ಬೋಲ್ಟು ಹಲವು ಸಲ ತನ್ನ ಸ್ಪ್ರಿಂಗಿನ ಗುಣದ ಮಿತಿ ದಾಟಿ ಶಾಶ್ವತವಾಗಿ ಉದ್ದವಾಗಿರುತ್ತದೆ. ಅದನ್ನು ಬಿಚ್ಚಿದ ಮೇಲೆ ಎಸೆದು ಹೊಸದನ್ನೇ ಹಾಕಬೇಕು. ನೋಡಲು ಚೆನ್ನಾಗಿದೆಯಲ್ಲ ಎಂದು ಮತ್ತೆ ಹಾಕುವುದು ಉಳಿತಾಯವಲ್ಲ.

ಸರಿಯಾಗಿ ಹಿಗ್ಗಿದ ಬೋಲ್ಟು ಸಡಿಲವಾಗುವುದೂ ಕಡಿಮೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟಂತೆ, ಬೋಲ್ಟು ತಾನಾಗಿ ಬಿಚ್ಚಿಕೊಳ್ಳಲು ಮುಖ್ಯ ಕಾರಣ ಅಡ್ಡಡ್ಡ ನಡುಕ. ಬಿಗಿದ ಭಾಗಗಳು ಪಕ್ಕಕ್ಕೆ ಜಾರಲು ಶುರುವಾದರೆ ಥ್ರೆಡ್ಡಿನ ಘರ್ಷಣೆ ಸೋತು ಬೋಲ್ಟು ಹಿಂದಕ್ಕೆ ತಿರುಗುತ್ತದೆ. ಜಾರದಂತೆ ತಡೆಯುವುದು ಹಿಡಿತದ ಬಲ. ಸ್ಪ್ರಿಂಗ್ ವಾಷರನ್ನೇ ನಂಬಿ ಕೂರುವವರಿಗೆ ಯುಂಕರನ ಪ್ರಯೋಗ ಒಳ್ಳೆಯ ಉತ್ತರ.

ಇಂಧನದ ದಾರಿಯಲ್ಲಿ ಎಲ್ಲ ಬೋಲ್ಟುಗಳ ಕೆಲಸವೂ ಒಂದೇ ಅಲ್ಲ. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ನಿನ ರೈಲಿನಲ್ಲಿ ಒತ್ತಡ 3-4 ಬಾರ್ ಅಷ್ಟೆ (ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ); ಸೋರದಂತೆ ತಡೆಯುವುದು ರಬ್ಬರಿನ ಓ-ರಿಂಗು. ಬೋಲ್ಟು ಇನ್ನಷ್ಟು ಬಿಗಿದರೆ ಓ-ರಿಂಗು ಇನ್ನಷ್ಟು ಚೆನ್ನಾಗಿ ತಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಎರಡೂ ಕಡೆ ಸ್ವಲ್ಪಸ್ವಲ್ಪವೇ ಬಿಗಿಯುತ್ತ ರೈಲನ್ನು ಸಮನಾಗಿ ಇಳಿಸುವ ತಾಳ್ಮೆ. ಒಂದೇ ಕಡೆ ಎಳೆದರೆ ರಿಂಗು ಸೀಳುತ್ತದೆ. ಫಿಲ್ಟರಿನ ಪೈಪು ಕೂರಿಸುವ ಟೊಳ್ಳು ಬೋಲ್ಟಿನದು ಇನ್ನೊಂದು ಕಥೆ. ಒಳಗೆ ಇಂಧನ ಹರಿಯಲು ತೂತು ಕೊರೆದಿರುವುದರಿಂದ ಅದರಲ್ಲಿ ಉಕ್ಕೇ ಕಡಿಮೆ, ಬೇಗ ಮುರಿಯುತ್ತದೆ. ಸೋರುತ್ತಿದ್ದರೆ ಮತ್ತಷ್ಟು ಬಿಗಿಯುವ ಬದಲು ಅದರ ತಾಮ್ರದ ವಾಷರ್ ಬದಲಿಸಬೇಕು. ಒಮ್ಮೆ ಅದುಮಿಸಿಕೊಂಡು ಗಡುಸಾದ ತಾಮ್ರ ಎರಡನೇ ಸಲ ಸಂದುಗಳನ್ನು ತುಂಬುವುದಿಲ್ಲ.

ಡೀಸೆಲ್ಲಿನ ಕಡೆಗೆ ಬಂದರೆ ಲೋಕವೇ ಬೇರೆ. ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಪಂಪು 0.3 ಬಾರ್ ಒತ್ತಡದಲ್ಲಿ ಕೆಲಸ ಮುಗಿಸುತ್ತಿತ್ತು. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಬಂದ ಕಾಮನ್ ರೈಲ್ (ಎಲ್ಲ ನಾಜಲ್ಲುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಸಾಗುವ) ಎಂಜಿನ್ನಿನಲ್ಲಿ ಒತ್ತಡ 1,350 ಬಾರ್. ಈಗಿನವು 2,000 ದಾಟುತ್ತವೆ. ಈ ಡೀಸೆಲ್ ಸಾಗಿಸುವ ಪೈಪಿನ ತುದಿಯ ಶಂಕುವನ್ನು ಯೂನಿಯನ್ ನಟ್ಟು ಅದುಮಿ ಹಿಡಿಯುತ್ತದೆ; ರಬ್ಬರು ಇಲ್ಲ, ವಾಷರ್ ಇಲ್ಲ, ಲೋಹಕ್ಕೆ ಲೋಹ. ಆ ಸಂಪರ್ಕದ ವೃತ್ತ 5 ಮಿ.ಮೀ. ವ್ಯಾಸದ್ದು ಎಂದುಕೊಂಡರೂ 2,000 ಬಾರ್ ಒತ್ತಡ ಅದನ್ನು 400 ಕಿಲೋ ಬಲದಿಂದ ಹೊರದೂಡುತ್ತಿರುತ್ತದೆ. ನಟ್ಟಿನ ಹಿಡಿತ ಇದಕ್ಕಿಂತ ಸಾಕಷ್ಟು ಮೇಲಿರಬೇಕು, ಆದರೆ ಶಂಕು ನಜ್ಜಿ ಪೈಪಿನ ಬಾಯಿ ಕಿರಿದಾಗುವಷ್ಟು ಅಲ್ಲ. ಒಮ್ಮೆ ಬಿಚ್ಚಿದ ಪೈಪನ್ನು ಮತ್ತೆ ಬಳಸಬೇಡಿ ಎಂದು ಹಲವು ತಯಾರಕರು ಹೇಳುವುದು, ಆ ಶಂಕು ಮೊದಲ ಬಿಗಿತದಲ್ಲೇ ತನ್ನ ಆಕಾರ ತೆತ್ತಿರುತ್ತದೆ ಎಂದು.

ಡೀಸೆಲ್ ಚಿಮ್ಮಿಸುವ ನಾಜಲ್ ಅನ್ನು ಹೆಡ್ಡಿಗೆ ಅದುಮುವ ಕ್ಲಾಂಪಿನ ಬೋಲ್ಟು ಕೂಡ ಹೀಗೆಯೇ. ಸಿಲಿಂಡರಿನೊಳಗೆ ಉರಿಯುವ ಅನಿಲದ ಒತ್ತಡ 160 ಬಾರ್ ಆದಾಗ 15 ಮಿ.ಮೀ. ವ್ಯಾಸದ ತಳಕ್ಕೆ ಸುಮಾರು 290 ಕಿಲೋ ಹೊಡೆತ ಬೀಳುತ್ತದೆ, ಅದೂ ನಿಮಿಷಕ್ಕೆ ಸಾವಿರ ಸಲ. ಕ್ಲಾಂಪು ಮೊದಲೇ ಇದಕ್ಕಿಂತ ಹೆಚ್ಚು ಬಲದಿಂದ ಅದುಮಿದ್ದರೆ ತಳದ ಸಂದಿ ತೆರೆಯುವುದಿಲ್ಲ, ಹೊಡೆತದ ಒಂದು ಸಣ್ಣ ಪಾಲಷ್ಟೇ ಬೋಲ್ಟಿಗೆ ತಲಪುತ್ತದೆ, ಬೋಲ್ಟು ದಣಿಯದೆ ವರ್ಷಗಟ್ಟಲೆ ಬಾಳುತ್ತದೆ. ಸಡಿಲವಿದ್ದರೆ ಪ್ರತಿ ಹೊಡೆತಕ್ಕೂ ಸಂದಿ ತೆರೆದು ಮುಚ್ಚಿ, ಅನಿಲ ನುಗ್ಗಿ, ನಾಜಲ್ಲಿನ ಸುತ್ತ ಕಲ್ಲಿನಂಥ ಕರಿ ಕಟ್ಟುತ್ತದೆ. ಹೊಡೆತವೆಲ್ಲ ತನ್ನ ಮೇಲೇ ಬೀಳುವುದರಿಂದ ಸಡಿಲ ಬೋಲ್ಟು ಬಿಗಿ ಬೋಲ್ಟಿಗಿಂತ ಬೇಗ ಮುರಿಯುತ್ತದೆ. ಬೋಲ್ಟಿನ ಶಾಸ್ತ್ರದಲ್ಲಿ ನನ್ನನ್ನು ಅತಿಯಾಗಿ ಬೆರಗುಗೊಳಿಸುವ ಸಂಗತಿ ಇದು.

ನಮ್ಮ ಊರುಗಳ ಡೀಸೆಲ್ ಮೇಸ್ತ್ರಿಗಳಿಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ, ಅಂದರೆ ಇಂದಿನ ಬಾಷ್, ದಶಕಗಳ ಕಾಲ ತಯಾರಿಸಿದ ಪಂಪುಗಳ ಮೇಲೆ ನಾಡಿನ ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಓಡಿದವು. ಆ ಎಂಜಿನ್ನುಗಳಲ್ಲಿ ಏರ್ ಹಿಡಿದರೆ ಎಂಜಿನ್ ತಿರುಗಿಸುತ್ತಲೇ ನಾಜಲ್ಲಿನ ಯೂನಿಯನ್ ನಟ್ಟನ್ನು ಸಡಿಲಿಸಿ ಏರ್ ತೆಗೆಯುವುದು ರೂಢಿ. ಆ ಕೈಗಳಿಗೆ ನನ್ನ ಗೌರವವಿದೆ. ಆದರೆ ಕಾಮನ್ ರೈಲ್ ಎಂಜಿನ್ನಿನಲ್ಲಿ ಅದನ್ನು ಎಂದೂ ಮಾಡಬಾರದು. ಸಂದಿಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು. ಒಳಗೆ ಮಾಂಸಖಂಡ ಸಾಯುತ್ತಿರುತ್ತದೆ. ತಡಮಾಡದೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು, ಕೈ ಕಳೆದುಕೊಳ್ಳುವ ಸಂಭವ ಹೆಚ್ಚು. ಎಂಜಿನ್ ನಿಲ್ಲಿಸಿ, ಒತ್ತಡ ಇಳಿಯಲು ಕೈಪಿಡಿ ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಪಾನಾ ಹಾಕಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು.

ಉಪಕರಣದ ವಿಚಾರ ಚಿಕ್ಕದು. ಟಾರ್ಕ್ ರೆಂಚನ್ನು 1918ರಲ್ಲಿ ರೂಪಿಸಿದವನು ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯ ಕಾನ್ರಾಡ್ ಬಾರ್ ಎಂದು ಹೇಳುತ್ತಾರೆ. ನೆಲದಡಿಯ ಕೊಳವೆಗಳ ಬೋಲ್ಟು ಅತಿಯಾಗಿ ಬಿಗಿಯುವುದನ್ನು ತಪ್ಪಿಸಲು. ಚಕ್ರದ ನಟ್ಟಿಗೆಂದು ಕೊಂಡ ದೊಡ್ಡ ರೆಂಚು ಇಂಧನದ ಕೆಲಸಕ್ಕೆ ಬಾರದು. ತನ್ನ ಅಳತೆಯ ಕೆಳಗಿನ ಐದನೇ ಒಂದು ಪಾಲಿನಲ್ಲಿ ಯಾವ ರೆಂಚನ್ನೂ ನಂಬಲಾಗದು. 5ರಿಂದ 25 ನ್ಯೂಟನ್ ಮೀಟರಿನ ಸಣ್ಣದೊಂದು ಬೇಕು. ಹಿಡಿಯಲ್ಲಿ ಹಿಡಿದು ಮೆಲ್ಲಗೆ ಎಳೆದು ಮೊದಲ ಕಟ್ ಸದ್ದಿಗೆ ನಿಲ್ಲಿಸಬೇಕು, ಖಾತ್ರಿಗೆಂದು ಇನ್ನೊಮ್ಮೆ ಎಳೆಯಬಾರದು. ಅಮೆರಿಕದ ಕೈಪಿಡಿಗಳಲ್ಲಿ 10 ನ್ಯೂಟನ್ ಮೀಟರನ್ನು 89 ಇಂಚು-ಪೌಂಡ್ ಎಂದು ಬರೆದಿರುತ್ತಾರೆ. ಅದನ್ನು ಅಡಿ-ಪೌಂಡ್ ಎಂದು ಓದಿದವನು ಹನ್ನೆರಡು ಪಟ್ಟು ಬಿಗಿಯುತ್ತಾನೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ನಮ್ಮ ಬೈಕುಗಳಲ್ಲೂ ಬಹುಪಾಲು ಇಂಜೆಕ್ಷನ್ ಬಂದಿದೆ. ಸಣ್ಣ ಊರಿನ ಗ್ಯಾರೇಜಿಗೂ ಈ ಕೆಲಸ ಬರುತ್ತಿದೆ. ಐಟಿಐಗಳಲ್ಲಿ ಪಾನಾ ಹಿಡಿಯಲು ಕಲಿಸುವ ಮೊದಲ ವಾರದಲ್ಲೇ ಟಾರ್ಕ್ ರೆಂಚನ್ನೂ ಕೈಗೆ ಕೊಡಲಿ, ಒಣ ಬೋಲ್ಟು ಮತ್ತು ಎಣ್ಣೆ ಸವರಿದ ಬೋಲ್ಟು ಎರಡನ್ನೂ ಮುರಿಯುವವರೆಗೆ ಬಿಗಿದು ನೋಡಲು ಬಿಡಲಿ. ವಾಹನದ ಒಡೆಯರಾದ ನೀವು, ನಾಜಲ್ ಅಥವಾ ಇಂಧನದ ಪೈಪು ಬಿಚ್ಚುವ ಕೆಲಸ ಬಂದಾಗ ಮೇಸ್ತ್ರಿಯವರನ್ನು ವಿನಯದಿಂದ ಎರಡು ಪ್ರಶ್ನೆ ಕೇಳಿ: ವಾಷರ್ ಹೊಸದು ಹಾಕುತ್ತೀರಾ, ಎಷ್ಟು ಟಾರ್ಕಿಗೆ ಬಿಗಿಯುತ್ತೀರಿ? ಅದಕ್ಕೆ ತಗಲುವ ಹೆಚ್ಚಿನ ಹೊತ್ತಿಗೂ ಹಣಕ್ಕೂ ಚೌಕಾಸಿ ಮಾಡಬೇಡಿ.