ಒಂದುಗಳ ಸಾಲು ಮತ್ತು ಮೂಡುಬಿದಿರೆಯ ತಾಳೆಗರಿ

ಪ್ರಶ್ನೆ: 1, 11, 111, 1111... ಹೀಗೆ ಬರೆಯುತ್ತಾ ಹೋದರೆ 73ರಿಂದ ಭಾಗವಾಗುವ ಸಂಖ್ಯೆ ಎಂದಾದರೂ ಸಿಗುತ್ತದೆಯೇ?
– ಓದುಗರು, ಬಂಟ್ವಾಳ

ಉತ್ತರ: ಸಿಗುತ್ತದೆ, ಎಂಟನೆಯದೇ. 152207 × 73 = 11111111. ಇದು ನನ್ನ ಶೋಧವಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರ ಸಂಗ್ರಹ’ದ ಗುಣಾಕಾರದ ಭಾಗದಲ್ಲಿ ಕೊಟ್ಟ ಲೆಕ್ಕ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಉತ್ತರಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ. 139 × 109 = 15151 ಕೂಡ ಅಂಥದ್ದೇ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದಾಗ ಬಳಸಿದ ಪ್ರತಿಗಳಲ್ಲಿ ಒಂದು, ನಿಮ್ಮ ಪಕ್ಕದ ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ನಕಲು ಮಾಡಿದ್ದು!

ಸಿಗಲೇಬೇಕು ಏಕೆ? 73ರಿಂದ ಭಾಗಿಸಿದರೆ ಉಳಿಯುವ ಶೇಷ 0ಯಿಂದ 72ರವರೆಗೆ, ಒಟ್ಟು 73 ಬಗೆ. ಸಾಲಿನ ಮೊದಲ 74 ಸಂಖ್ಯೆಗಳನ್ನು ತೆಗೆದುಕೊಳ್ಳಿ. 73 ಸೀಟಿಗೆ 74 ಮಂದಿ ಬಂದರೆ ಒಂದು ಸೀಟಲ್ಲಿ ಇಬ್ಬರು ಕೂರಲೇಬೇಕು (ಬೆಳ್ತಂಗಡಿ ಬಸ್ಸಿನವರಿಗೆ ವಿವರಿಸಬೇಕಿಲ್ಲ). ಹಾಗೆ ಒಂದೇ ಶೇಷದ ಎರಡು ಸಂಖ್ಯೆಗಳಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿಯುವುದು 111...1000...0, ಅದು 73ರಿಂದ ಭಾಗವಾಗುತ್ತದೆ. ಕೊನೆಯ ಸೊನ್ನೆಗಳು ಬರೀ 2 ಮತ್ತು 5ರ ಗುಣಲಬ್ಧ, 73ಕ್ಕೂ ಅವಕ್ಕೂ ಸಂಬಂಧವಿಲ್ಲ. ಸೊನ್ನೆ ಅಳಿಸಿ, ಮುಗಿಯಿತು.

73ರ ಬದಲು 1, 3, 7, 9ರಲ್ಲಿ ಕೊನೆಗೊಳ್ಳುವ ಯಾವ ಸಂಖ್ಯೆ ಇಟ್ಟರೂ ಇದೇ ವಾದ ನಡೆಯುತ್ತದೆ. 7ಕ್ಕೆ ಆರು ಒಂದುಗಳು ಸಾಕು. 17ಕ್ಕೆ ಎಷ್ಟು ಬೇಕು, ನೀವೇ ಹುಡುಕಿ.