ಮೈಸೂರಿನ ಕಬ್ಬಿಣದ ಬಾಣ

ದೀಪಾವಳಿಯ ಇರುಳಿನಲ್ಲಿ ಮಕ್ಕಳು ಹಾರಿಸುವ ಬಾಣಕ್ಕೆ ಕಾಗದದ ಕೊಳವೆಯೇ ಸಾಕು. ಕ್ಷಣಕಾಲ ಆಕಾಶವನ್ನು ಬೆಳಗಿ ಅದು ಬೂದಿಯಾಗುತ್ತದೆ. ಆ ಕೊಳವೆಯನ್ನು ಕಬ್ಬಿಣದಿಂದ ಮಾಡಿದರೆ ಏನಾದೀತೆಂಬುದನ್ನು ಹದಿನೆಂಟನೆಯ ಶತಮಾನದ ಮೈಸೂರು ಸೈನ್ಯವು ಜಗತ್ತಿಗೆ ತೋರಿಸಿಕೊಟ್ಟಿತು.

ಯುದ್ಧದಲ್ಲಿ ಬಾಣ ಬಿಡುವ ಪದ್ಧತಿ ಭಾರತಕ್ಕೆ ಹೊಸದೇನಲ್ಲ. ಹೈದರಾಲಿ ಮತ್ತು ಟೀಪು ಸುಲ್ತಾನರ ಕಾಲದ ವಿಶೇಷವಿದ್ದುದು ಕಮ್ಮಾರನ ಕೆಲಸದಲ್ಲಿ. ಬಡಿದು ಹದಗೊಳಿಸಿದ ಮೆದು ಕಬ್ಬಿಣದ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮದ್ದನ್ನು ಗಟ್ಟಿಯಾಗಿ ತುಂಬಿ, ಇನ್ನೊಂದು ತುದಿಯಲ್ಲಿ ಕಿರಿದಾದ ರಂಧ್ರವನ್ನು ಬಿಡುತ್ತಿದ್ದರು. ಕಾಗದದ ಕೊಳವೆ ಒಳಗಿನ ಒತ್ತಡಕ್ಕೆ ಬೇಗ ಸಿಡಿದುಹೋದೀತು, ಕಬ್ಬಿಣ ತಾಳಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲವು ಹೆಚ್ಚು ವೇಗದಿಂದ ಹೊರನುಗ್ಗಿ ಬಾಣವನ್ನು ಮುಂದಕ್ಕೆ ತಳ್ಳುತ್ತದೆ. ಚರ್ಮದ ಪಟ್ಟಿಯಿಂದ ಬಿಗಿದ ಉದ್ದನೆಯ ಬಿದಿರು ಅದರ ಹಾದಿಯನ್ನು ನೇರವಾಗಿಡುತ್ತಿದ್ದಿತು. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗನ್ನೇ ಕಟ್ಟುತ್ತಿದ್ದರು. ಒಳ್ಳೆಯ ಬಾಣ ಒಂದು ಮೈಲಿಗೂ ಮೀರಿ ಹಾರಬಲ್ಲುದಾಗಿದ್ದಿತು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯದ ಮದ್ದಿನ ಬಂಡಿಗಳು ಸಿಡಿದವು. ಅದಕ್ಕೆ ಈ ಬಾಣಗಳೇ ಕಾರಣವೆಂದು ಹೇಳುವುದುಂಟು. ಬೈಲಿ ಸೆರೆಯಾದನು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇಂದಿಗೂ ಉಂಟು.

ಆದರೆ ಬಾಣಕ್ಕೆ ಗುರಿಯ ನಿಖರತೆ ಇರಲಿಲ್ಲ. ಒಂದೊಂದಾಗಿ ಬಿಟ್ಟರೆ ಹುಸಿಯಾಗುವ ಇದು, ನೂರಾರು ಒಟ್ಟಿಗೆ ಹಾರಿದಾಗ ಕುದುರೆಗಳನ್ನೂ ಕಾಲಾಳುಗಳನ್ನೂ ಕಂಗೆಡಿಸುತ್ತಿದ್ದಿತು. 1799ರ ಏಪ್ರಿಲ್ 5ರ ಇರುಳು ಸುಲ್ತಾನ್‌ಪೇಟೆಯ ತೋಪಿನಲ್ಲಿ, ಮುಂದೆ ವೆಲ್ಲಿಂಗ್ಟನ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯೇ ಬಾಣ ಮತ್ತು ಬಂದೂಕುಗಳ ಸುರಿಮಳೆಗೆ ಸಿಕ್ಕಿ ಹಿಮ್ಮೆಟ್ಟಬೇಕಾಯಿತು. ಆದರೂ ಬಾಣಗಳು ರಾಜ್ಯವನ್ನು ಉಳಿಸಲಾರದೆ ಹೋದವು. ಮೇ 4ರಂದು ಕೋಟೆ ಬಿದ್ದಿತು, ಟೀಪು ಮಡಿದನು.

ಗೆದ್ದವರು ಆ ಬಾಣಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದರು. ಅಲ್ಲಿ ವಿಲಿಯಂ ಕಾಂಗ್ರೀವನು ಪ್ರಯೋಗಗಳನ್ನು ನಡೆಸಿ ಅವನ್ನು ಸುಧಾರಿಸಿದನು. 1807ರಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ಅದೇ ವರ್ಷ ಅವು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ. ಆ ಇರುಳಿನ ನೆನಪು ಅಮೆರಿಕದ ರಾಷ್ಟ್ರಗೀತೆಯಲ್ಲಿ ಉಳಿದಿದೆ. ಬಾಣಕ್ಕೆ ಮಾತ್ರ ಕಾಂಗ್ರೀವನ ಹೆಸರೇ ನಿಂತಿತು.

ಮೈಸೂರಿನಲ್ಲಿ ರಾಜ್ಯದೊಡನೆ ಆ ಉದ್ಯಮವೂ ಅಳಿಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದನ್ನು ತೋಡಿದಾಗ ಮಣ್ಣು ಮದ್ದಿನ ವಾಸನೆ ಸೂಸಿತು. ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಹೊರಬಂದವು. ಅವನ್ನು ಬಡಿದ ಕಮ್ಮಾರರ ಹೆಸರುಗಳನ್ನು ಇತಿಹಾಸ ಉಳಿಸಲಿಲ್ಲ. ಅವರ ಕೈಕೆಲಸವನ್ನು ಬಾವಿಯ ಕೆಸರು ಉಳಿಸಿಕೊಟ್ಟಿತು.