ಇಂಟರ್‌ಕೂಲರ್ ಕೊಳವೆಗಳು: ಅಗ್ಗದ ಬದಲಿ ವಸ್ತುಗಳ ವಿಚಾರ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನನ್ನೂ ಅದರ ನಿರ್ಮಾಪಕನನ್ನೂ ಕುರಿತು ವಿಸ್ತಾರವಾಗಿ ಹೇಳುತ್ತಾರೆ. ಒಂದು ಭಾಗವನ್ನು ಮತ್ತೊಂದಕ್ಕೆ ಸೇರಿಸುವ ಕೊಳವೆಯ ಮಾತು ಅಡಿಟಿಪ್ಪಣಿಯಲ್ಲಿ ಬರುವುದೂ ವಿರಳ. ಆದರೆ ಯಂತ್ರವೊಂದು ಕಾರ್ಖಾನೆಯಿಂದ ಸಾಮಾನ್ಯರ ಕೈಗೆ ಬಂದಾಗ, ಮಿತವ್ಯಯದ ಪ್ರಶ್ನೆ ಮೊದಲು ಏಳುವುದು ಇಂತಹ ಭಾಗಗಳ ವಿಷಯದಲ್ಲಿಯೇ. ಟರ್ಬೋಚಾರ್ಜರ್ ಉಳ್ಳ ಮೋಟಾರು ಕಾರಿನಲ್ಲಿ ಇಂಟರ್‌ಕೂಲರಿಗೆ ಹೋಗಿಬರುವ ಕೊಳವೆಗಳನ್ನು ದುಬಾರಿಯಾದ ಅಲ್ಯುಮಿನಿಯಮ್ಮಿಗೆ ಬದಲಾಗಿ ಯಾವ ಅಗ್ಗದ ವಸ್ತುವಿನಿಂದ ಮಾಡಬಹುದು ಎಂಬುದು ಹವ್ಯಾಸಿ ಯಂತ್ರಜ್ಞರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಆ ಕೊಳವೆಯ ಕೆಲಸವೇನು, ಅದರ ಮೇಲೆ ಬೀಳುವ ಹೊರೆ ಎಂತಹುದು ಎಂಬುದನ್ನು ಮೊದಲು ವಿಚಾರಿಸಬೇಕು.

೧. ಹಿನ್ನೆಲೆ

ಎಂಜಿನಿನಿಂದ ವ್ಯರ್ಥವಾಗಿ ಹೊರಬೀಳುವ ಹೊಗೆಯ ಶಕ್ತಿಯಿಂದಲೇ ಚಕ್ರವೊಂದನ್ನು ತಿರುಗಿಸಿ, ಒಳಹೋಗುವ ಗಾಳಿಯನ್ನು ಅದುಮುವುದೇ ಟರ್ಬೋಚಾರ್ಜರಿನ ತತ್ತ್ವ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ೧೯೦೫ರಲ್ಲಿ ಈ ಬಗೆಯ ಯೋಜನೆಗೆ ಪೇಟೆಂಟು ಪಡೆದನು. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಕೊಲೊರಾಡೋದ ಪೈಕ್ಸ್ ಪೀಕ್ ಶಿಖರಕ್ಕೆ ಲಿಬರ್ಟಿ ವಿಮಾನ ಎಂಜಿನೊಂದನ್ನು ಸಾಗಿಸಿ, ಹದಿನಾಲ್ಕು ಸಾವಿರ ಅಡಿಗಳ ತೆಳುಗಾಳಿಯಲ್ಲಿಯೂ ಅದರ ಬಲ ಕುಗ್ಗದಂತೆ ಮಾಡಬಹುದೆಂದು ತೋರಿಸಿದನು.

ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ತುದಿ ಬಿಸಿಯಾಗುವುದನ್ನು ಬಲ್ಲರು. ಬಿಸಿಯಾದ ಗಾಳಿ ಹಿಗ್ಗಿ ಸಾಂದ್ರತೆಯನ್ನು ಕಳೆದುಕೊಳ್ಳುವುದರಿಂದ ಅದುಮಿದ ಪ್ರಯೋಜನದಲ್ಲಿ ಒಂದು ಭಾಗ ನಷ್ಟವಾಗುತ್ತದೆ. ಆದುದರಿಂದ ನಡುವೆ ಒಂದು ಶೀತಕವನ್ನು ಇಡಬೇಕಾಯಿತು. ಎರಡನೆಯ ಮಹಾಯುದ್ಧದ ಲಾಕ್‌ಹೀಡ್ ಪಿ–೩೮ ಯುದ್ಧವಿಮಾನದ ಮೊದಲ ಮಾದರಿಗಳಲ್ಲಿ ಪ್ರತ್ಯೇಕ ಶೀತಕವನ್ನು ಹೊರದೆ, ರೆಕ್ಕೆಯ ಮುಂದಂಚಿನ ಟೊಳ್ಳಿನಲ್ಲಿಯೇ ಗಾಳಿಯನ್ನು ಹಾಯಿಸಿ ತಂಪುಗೊಳಿಸಲಾಗುತ್ತಿತ್ತು. ಇದು ಜಾಣ್ಮೆಯ ಉಳಿತಾಯವೇ ಸರಿ. ಆದರೆ ಎಂಜಿನಿನ ಬಲ ಹೆಚ್ಚಿದಂತೆ ಆ ಏರ್ಪಾಡು ಸಾಲದಾಯಿತು; ೧೯೪೩ರ ಜೆ ಮಾದರಿಯಲ್ಲಿ ಎಂಜಿನಿನ ಕೆಳಗೆ ಪ್ರತ್ಯೇಕ ಶೀತಕವನ್ನು ಅಳವಡಿಸಲಾಯಿತು. ಒಂದು ಮಟ್ಟದ ಬಲಕ್ಕೆ ಒಪ್ಪುವ ಮಿತವ್ಯಯ ಮತ್ತೊಂದು ಮಟ್ಟಕ್ಕೆ ಅಡ್ಡಿಯಾಗಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಚರಿತ್ರೆಗೆ ನಮ್ಮ ಬೆಂಗಳೂರಿನ ಸಂಬಂಧವೂ ಉಂಟು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ–೨೪ ಲಿಬರೇಟರ್ ವಿಮಾನಗಳನ್ನು ೧೯೪೮ರಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯವರು ಹಾರುವ ಸ್ಥಿತಿಗೆ ತಂದು, ಬೆಂಗಳೂರಿಗೆ ಒಯ್ದು ದುರಸ್ತಿಮಾಡಿ ವಾಯುಪಡೆಗೆ ಒಪ್ಪಿಸಿದರು. ಟರ್ಬೋಚಾರ್ಜರೂ ಇಂಟರ್‌ಕೂಲರೂ ಆ ವಿಮಾನಗಳ ಅಂಗಗಳಾಗಿದ್ದವು.

ಕಾರುಗಳಿಗೆ ಈ ವಿದ್ಯೆ ತಡವಾಗಿ ಬಂದಿತು. ೧೯೬೨ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಟರ್ಬೋ ಇದ್ದರೂ ಇಂಟರ್‌ಕೂಲರ್ ಇರಲಿಲ್ಲ. ನೀರು, ಮೆಥನಾಲುಗಳ ಮಿಶ್ರಣವನ್ನು ಎರಚಿ ಎಂಜಿನನ್ನು ಕಾಪಾಡುತ್ತಿದ್ದರು. ೧೯೭೮ರ ಪೋರ್ಷೆ ೯೧೧ ಟರ್ಬೋ, ೧೯೮೦ರ ಆಡಿ ಕ್ವಾಟ್ರೋ ಮೊದಲಾದ ಕಾರುಗಳಿಂದ ಇಂಟರ್‌ಕೂಲರ್ ಪರಿಚಿತವಾಯಿತು.

೨. ಕೊಳವೆಯ ಮೇಲಿನ ಹೊರೆ

ಈ ಕೊಳವೆಗೆ ಎರಡು ಭಾಗಗಳುಂಟು: ಟರ್ಬೋವಿನಿಂದ ಶೀತಕಕ್ಕೆ ಹೋಗುವ ಬಿಸಿಭಾಗ, ಶೀತಕದಿಂದ ಎಂಜಿನಿಗೆ ಹೋಗುವ ತಂಪುಭಾಗ. ಹೊರಗಿನ ಗಾಳಿ ೩೦ ಡಿಗ್ರಿ ಸೆಂಟಿಗ್ರೇಡ್ ಇದ್ದು, ಅದರ ಒತ್ತಡವನ್ನು ಎರಡರಷ್ಟಕ್ಕೆ ಏರಿಸಿದರೆ, ಸಂಕೋಚಕದ ದಕ್ಷತೆಯನ್ನು ಶೇಕಡಾ ೭೦ ಎಂದು ಹಿಡಿದಾಗ ಅದು ಸುಮಾರು ೧೨೫ ಡಿಗ್ರಿಗೆ ಏರುತ್ತದೆಂದು ಲೆಕ್ಕದಿಂದ ತಿಳಿಯುತ್ತದೆ. ಶೀತಕವು ಅದನ್ನು ೫೦ ಡಿಗ್ರಿಗೆ ಇಳಿಸಿದರೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ ೨೩ರಷ್ಟು ಹೆಚ್ಚುತ್ತದೆ.

ಒತ್ತಡದ ಹೊರೆ ನಾವು ಊಹಿಸುವಷ್ಟು ದೊಡ್ಡದಲ್ಲ. ೬೩ ಮಿಲಿಮೀಟರ್ ವ್ಯಾಸ, ಒಂದೂವರೆ ಮಿಲಿಮೀಟರ್ ದಪ್ಪದ ಕೊಳವೆಯೊಳಗೆ ಹೊರಗಿಗಿಂತ ಒಂದು ವಾಯುಮಂಡಲದಷ್ಟು ಹೆಚ್ಚು ಒತ್ತಡವಿದ್ದರೆ, ಅದರ ಗೋಡೆಯ ಮೇಲೆ ಬೀಳುವ ಎಳೆತವು ಸಾಧಾರಣ ಉಕ್ಕು ತಾಳಬಲ್ಲುದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಕೊಳವೆ ಸೀಳಿಹೋಗುವ ಭಯ ಇಲ್ಲಿ ಅಲ್ಪ, ಸೋಲುವುದು ಕೀಲು. ಅದೇ ಕೊಳವೆಯ ತುದಿಯನ್ನು ಅದೇ ಒತ್ತಡವು ಸುಮಾರು ೩೨ ಕಿಲೋಗ್ರಾಮ್ ತೂಕದ ಬಲದಿಂದ ಹೊರಕ್ಕೆ ನೂಕುತ್ತದೆ. ಆದುದರಿಂದಲೇ ಕೊಳವೆಯ ತುದಿಗೆ ಉಬ್ಬಿದ ಅಂಚನ್ನು ಕೊಟ್ಟು, ಮೇಲೆ ರಬ್ಬರಿನ ಜೋಡಣೆಯನ್ನು ತೊಡಿಸಿ, ಲೋಹದ ಪಟ್ಟಿಯಿಂದ ಬಿಗಿಯುತ್ತಾರೆ.

ಮೂರನೆಯದು ಗಾಳಿಯ ಹರಿವು. ಎರಡು ಲೀಟರಿನ ಎಂಜಿನು ನಿಮಿಷಕ್ಕೆ ೬,೦೦೦ ಸುತ್ತು ತಿರುಗುವಾಗ ೬೦ ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ ೩೫ ಮೀಟರಿನಷ್ಟು ವೇಗದಿಂದ ಸಾಗುತ್ತದೆ. ತಿರುವುಗಳಲ್ಲಿ ಕೊಳವೆ ಚಪ್ಪಟೆಯಾಗಿದ್ದರೆ ಒತ್ತಡ ಅಲ್ಲಿ ಸೋರಿಹೋದಂತೆಯೇ ಸರಿ. ನಾಲ್ಕನೆಯದು ಅಲುಗಾಟ. ಎಂಜಿನು ರಬ್ಬರಿನ ಆಧಾರಗಳ ಮೇಲೆ ನಡುಗುತ್ತಿರುತ್ತದೆ. ಶೀತಕವಾದರೋ ಕಾರಿನ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಇವೆರಡರ ನಡುವೆ ಬಳುಕುವ ಭಾಗಗಳಿಲ್ಲದಿದ್ದರೆ ಬೆಸುಗೆ ಬಿರಿಯುತ್ತದೆ.

೩. ವಸ್ತುಗಳ ಪರೀಕ್ಷೆ

ಅಗ್ಗವೆಂಬ ಕಾರಣದಿಂದ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಮನೆಯ ನೀರಿನ ಪಿ.ವಿ.ಸಿ. ಕೊಳವೆ. ಇದು ಹಗುರ, ಕೊಯ್ಯಲು ಸುಲಭ, ಒಳಮೈ ನುಣುಪು. ಆದರೆ ಪಿ.ವಿ.ಸಿ. ಸುಮಾರು ೮೦ ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಅದಕ್ಕಿಂತ ಎಷ್ಟೋ ಮೊದಲೇ ಬಲಗುಂದುತ್ತದೆ. ೧೨೫ ಡಿಗ್ರಿಯ ಬಿಸಿಭಾಗಕ್ಕೆ ಅದು ಸರ್ವಥಾ ಸಲ್ಲದು. ತಂಪುಭಾಗಕ್ಕಾದರೂ ಆದೀತೆಂದು ವಾದಿಸುವವರುಂಟು. ಅಲ್ಲಿಯ ಗಾಳಿ ತಂಪಾಗಿದ್ದರೂ ಎಂಜಿನಿನ ಕೋಣೆ ತಂಪಾಗಿರುವುದಿಲ್ಲ. ಪಟ್ಟಿಯ ಬಿಗಿತದಡಿಯಲ್ಲಿ ಬೆಚ್ಚಗಾದ ಪ್ಲಾಸ್ಟಿಕ್ಕು ನಿಧಾನವಾಗಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಇದಲ್ಲದೆ, ನೀರಿನಂತಲ್ಲದೆ ಅದುಮಿದ ಗಾಳಿ ತನ್ನಲ್ಲಿ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ, ಪಿ.ವಿ.ಸಿ. ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಅದುಮಿದ ಗಾಳಿಗೆ ಇಂತಹ ಕೊಳವೆಗಳನ್ನು ತೆರೆದ ಸ್ಥಳದಲ್ಲಿ ಬಳಸಕೂಡದೆಂದು ಅಮೆರಿಕದ ಕಾರ್ಮಿಕ ಸುರಕ್ಷಾ ಅಧಿಕಾರಿಗಳು ೧೯೮೮ರಲ್ಲಿಯೇ ಎಚ್ಚರಿಸಿದ್ದರು. ಕಾರಿನಲ್ಲಿಯಾದರೆ ಶೀತಕದಾಚೆಯ ಚೂರು ನೇರವಾಗಿ ಎಂಜಿನಿನ ಕಡೆಗೆ ಹೋಗುವ ಅಪಾಯವೂ ಉಂಟು.

ಇಂದಿನ ಕಾರು ತಯಾರಕರೇ ಪ್ಲಾಸ್ಟಿಕ್ಕಿನ ಕೊಳವೆಗಳನ್ನು ಬಳಸುತ್ತಾರಲ್ಲ ಎಂಬ ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಅವರು ಬಳಸುವುದು ಗಾಜಿನ ಎಳೆ ಬೆರೆಸಿದ, ೨೦೦ ಡಿಗ್ರಿಗೂ ಮೇಲೆ ಕರಗುವ ನೈಲಾನ್ ಜಾತಿಯ ವಸ್ತುವನ್ನು. ‘ಪ್ಲಾಸ್ಟಿಕ್’ ಎಂಬ ಒಂದೇ ಹೆಸರಿನಡಿಯಲ್ಲಿ ಇವೆರಡನ್ನೂ ಸಮವೆಂದು ಬಗೆಯುವುದು ಕಬ್ಬಿಣವೂ ಸೀಸವೂ ಲೋಹಗಳೇ ಆದುದರಿಂದ ಒಂದೇ ಎಂದಂತೆ.

ಹೊಗೆಕೊಳವೆಗೆ ಬಳಸುವ ಸಾಧಾರಣ ಉಕ್ಕು ಅಗ್ಗದ ವಸ್ತುಗಳಲ್ಲಿ ಅತ್ಯುತ್ತಮವೆನ್ನಬೇಕು. ಶಾಖಕ್ಕೆ ಅಂಜದು, ಊರೂರಿನ ಬೆಸುಗೆಗಾರನೂ ಅದನ್ನು ಬೆಸೆಯಬಲ್ಲನು. ಅಲ್ಯುಮಿನಿಯಮ್ಮಿನ ಬೆಸುಗೆಗಾದರೋ ವಿಶೇಷ ಉಪಕರಣವೂ ಪಳಗಿದ ಕೈಯೂ ಬೇಕು. ಉಕ್ಕಿನ ದೋಷ ತೂಕ. ಮೇಲೆ ಹೇಳಿದ ಅಳತೆಯ ಎರಡು ಮೀಟರ್ ಉಕ್ಕಿನ ಕೊಳವೆ ಸುಮಾರು ೪.೬ ಕಿಲೋಗ್ರಾಮ್ ತೂಗಿದರೆ ಅದೇ ಅಳತೆಯ ಅಲ್ಯುಮಿನಿಯಮ್ ೧.೬ ಕಿಲೋಗ್ರಾಮ್ ತೂಗುತ್ತದೆ. ಪಂದ್ಯದ ಕಾರಿಗೆ ಹೊರತು ಉಳಿದವರಿಗೆ ಈ ಮೂರು ಕಿಲೋಗ್ರಾಮಿನ ಅಂತರ ಗಣ್ಯವಲ್ಲ. ಅಲ್ಯುಮಿನಿಯಮ್ ಕೊಳವೆಯೇ ಗಾಳಿಯನ್ನು ತಣಿಸುತ್ತದೆಂಬ ನಂಬಿಕೆಯಲ್ಲಿಯೂ ಹುರುಳು ಕಡಮೆ. ಶೀತಕದ ರೆಕ್ಕೆಗಳ ಮುಂದೆ ಕೊಳವೆಯ ಮೈಯಗಲ ಅತ್ಯಲ್ಪ. ಉಕ್ಕನ್ನು ಬಳಸುವವರು ಬೆಸುಗೆಯ ಒಳಗಿನ ಕಿಟ್ಟವನ್ನು ತೆಗೆದು ತೊಳೆಯಬೇಕು, ಹೊರಗೆ ಬಣ್ಣ ಬಳಿಯಬೇಕು. ಸತುವಿನ ಲೇಪವುಳ್ಳ ನೀರಿನ ಕೊಳವೆಯನ್ನು ಬೆಸೆಯುವಾಗ ಏಳುವ ಹೊಗೆ ಜ್ವರಕಾರಕ. ಅದನ್ನು ಬಿಡುವುದು ಲೇಸು.

ಜೋಡಣೆಗೆ ರೇಡಿಯೇಟರಿನ ರಬ್ಬರ್ ಕೊಳವೆಯನ್ನು ಬಳಸುವ ರೂಢಿಯುಂಟು. ನೀರಿಗಾಗಿ ಮಾಡಿದ ಆ ರಬ್ಬರು ಟರ್ಬೋವಿನಿಂದ ಬರುವ ಎಣ್ಣೆಯ ಮಂಜಿನಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನ್ ಶಾಖವನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದೂ ಎಣ್ಣೆಗೆ ಸೋಲುವುದರಿಂದ ಬಿಸಿಭಾಗಕ್ಕೆ ಫ್ಲೋರೋಸಿಲಿಕೋನಿನ ಒಳಪದರವುಳ್ಳದ್ದನ್ನು ಆರಿಸುವುದು ಯುಕ್ತ. ಇನ್ನು, ಗುಜರಿಗೆ ಬಂದ ಡೀಸೆಲ್ ವಾಹನಗಳ ಮೂಲ ಕೊಳವೆಗಳು ವ್ಯಾಸ ಹೊಂದಿಕೆಯಾದರೆ ಎಲ್ಲಕ್ಕಿಂತ ಅಗ್ಗ; ಇದೇ ಕೆಲಸಕ್ಕೆಂದು ತಯಾರಾದವು ಅವು.

ಒಟ್ಟಿನಲ್ಲಿ ಹೇಳುವುದಾದರೆ, ಉಳಿತಾಯಕ್ಕೆ ಎಡೆಯಿರುವುದು ಕೊಳವೆಯ ಲೋಹದಲ್ಲಿ, ಹೊಳಪಿನಲ್ಲಿ; ಎಡೆಯಿಲ್ಲದಿರುವುದು ಜೋಡಣೆಯಲ್ಲಿ, ಪಟ್ಟಿಯಲ್ಲಿ, ತುದಿಯ ಉಬ್ಬಿನಲ್ಲಿ. ವಸ್ತುವಿನ ಬೆಲೆಯನ್ನು ವಿಚಾರಿಸುವ ಮುನ್ನ ಅದು ಹೊರಬೇಕಾದ ಶಾಖವನ್ನು ವಿಚಾರಿಸಿದವನಿಗೆ ಉಕ್ಕಿನ ಕೊಳವೆ ನಿಷ್ಠೆಯಿಂದ ದುಡಿಯುತ್ತದೆ. ಬೆಲೆಯೊಂದನ್ನೇ ನೋಡಿದವನು ಕೊಳವೆಯಲ್ಲಿ ಉಳಿಸಿದುದನ್ನು ಎಂಜಿನಿನಲ್ಲಿ ತೆರಬೇಕಾದೀತು.